ನಾಲ್ವರು ಅಕ್ಕತಂಗಿಯರ ನಡುವಿನ ಕುರ್ಚಿ

ಮಾರ್ಚ್ ೧೨, ಗುರುವಾರ

ಎರಡು ದಿನದಿಂದ ನನ್ನ ತಲೆ ತಿನ್ನುತ್ತಿದ್ದ ಹಾಡಿಗೆ ಇವತ್ತು ಕೊನೆಗೂ ಜೀವ ಬಂತು. ಸದಾ ಒಟ್ಟಿಗೆ ಹಾಡುವ ಆ ನಾಲ್ವರು ಅಕ್ಕತಂಗಿಯರನ್ನು ರೆಕಾರ್ಡಿಂಗ್‌ಗೆಂದು ನನ್ನ ಸ್ಟುಡಿಯೋದ ಬೇರೆ ಬೇರೆ ಗಾಜಿನ ಗೂಡುಗಳಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿಸಿದ್ದೆ. ಧ್ವನಿ ಚೊಕ್ಕವಾಗಿತ್ತು, ಹಾಡು ಮಾತ್ರ ಸಪ್ಪೆ.

ಬೆಳಿಗ್ಗೆ ದೊಡ್ಡಕ್ಕ ಹೆಡ್‌ಫೋನ್ ಕಿತ್ತಿಟ್ಟರು. "ಮುಖ ನೋಡ್ದೆ ಹಾಡೋಕೆ ನಮಗೆ ಬರಲ್ಲಮ್ಮ. ಹೀಗೇ ಆದ್ರೆ ಮನೆಗೆ ಹೋಗ್ತೀವಿ."

ಸರಿ, ದೊಡ್ಡ ಕೋಣೆಯಲ್ಲಿ ಎಲ್ಲರನ್ನೂ ಸುತ್ತಲೂ ನಿಲ್ಲಿಸಿ, ನಡುವೆ ನಾಲ್ಕು ಮೈಕು ಇಟ್ಟೆ, ಒಬ್ಬೊಬ್ಬರ ಕಡೆಗೆ ಒಂದೊಂದು. ಕೈ ಕೈ ಹಿಡಿದು ಒಂದೇ ಸಲಕ್ಕೆ ಹಾಡಿ ಮುಗಿಸಿಬಿಟ್ಟರು!

ಮಜಾ ಆಮೇಲಿನದು. ಕೋಣೆಯ ನಾಲ್ಕು ಮೂಲೆಯ ಸ್ಪೀಕರುಗಳಲ್ಲಿ, ಒಂದೊಂದರಿಂದ ಒಬ್ಬೊಬ್ಬರ ಧ್ವನಿ ಬರುವಂತೆ ಹಾಡು ಹಾಕಿದೆ. ಯಾರೂ ಹೇಳದೆಯೇ ಒಬ್ಬೊಬ್ಬರೂ ಕೇಳಲೆಂದು ನಡುವೆ ಇಟ್ಟಿದ್ದ ಕುರ್ಚಿಯ ಸುತ್ತ, ತಮ್ಮ ಧ್ವನಿ ಬರುವ ಮೂಲೆಯ ಕಡೆಗೆ ಹೋಗಿ ನಿಂತರು. ಪಕ್ಕಕ್ಕೆ ಕೈ ಚಾಚಿದ ದೊಡ್ಡಕ್ಕ ಗದರಿದರು: "ನನ್ನ ಪಕ್ಕ ಇದ್ದಿದ್ದು ಇವಳಲ್ಲ ಕಣಮ್ಮ, ಅವಳು!"

ನೋಡಿದರೆ, ಹಿಂದಿನ ಎರಡು ಸ್ಪೀಕರುಗಳ ವೈರುಗಳನ್ನು ನಾನೇ ಅದಲುಬದಲು ಮಾಡಿದ್ದೆ. ನಗುತ್ತಲೇ ಸರಿಮಾಡಿದೆ. ಚಿಕ್ಕವರಿಬ್ಬರೂ ಜಾಗ ಬದಲಿಸಿದರು, ಕೈಗಳು ಮತ್ತೆ ಕೂಡಿದವು.

ನಡುವಿನ ಕುರ್ಚಿ ಖಾಲಿಯಿತ್ತು. "ನಿನ್ನ ಮೈಕು ಅಲ್ಲೇ ತಾನೆ ಇದ್ದಿದ್ದು? ನೀನೇ ಕೂತ್ಕೋ ಬಾ" ಎಂದು ದೊಡ್ಡಕ್ಕ ಎಳೆದು ಕೂರಿಸಿದರು. ಇಷ್ಟು ವರ್ಷ ಎಲ್ಲರ ಹಾಡನ್ನೂ ಗಾಜಿನ ಈಚೆಯಿಂದಲೇ ಕೇಳಿದವಳು ನಾನು. ಇವತ್ತು ಹಾಡಿನ ಒಳಗಿದ್ದೆ.

ಕಣ್ಣು ಎಳೆಯುತ್ತಿದೆ, ದೀಪ ಆರಿಸಬೇಕು. ಆದರೆ ಕಿವಿಯೊಳಗೆ ಆ ಹಾಡು ಇನ್ನೂ ನಿಂತಿಲ್ಲ, ಬೆನ್ನ ಹಿಂದೆ ಚಿಕ್ಕವರು ಈಗಷ್ಟೇ ಪಲ್ಲವಿ ಎತ್ತಿಕೊಂಡರು, ಅದೊಂದು ಮುಗಿಯಲಿ...