ಮಾಸುವ ಗೆರೆ, ಅಳಿಯದ ಗೆರೆ

ಮನೆಯಿಂದ, ಸೋಮವಾರ ಬೆಳಿಗ್ಗೆ

ಪ್ರೀತಿಯ ನಿಮಗೆ,

ಹೇಗಿದ್ದೀರಿ? ಬೆನ್ನುನೋವು ಇಳಿಯಿತೇ? ಹಡಗಿನ ಎಂಜಿನ್ ಕೋಣೆಯ ಸೆಕೆಗೆ ಕುತ್ತಿಗೆಯ ಮೇಲೆ ಎದ್ದಿದ್ದ ಬೆವರುಸಾಲೆ ಒಣಗಿತೇ? ನಾನು, ಅತ್ತೆ ಇಬ್ಬರೂ ಚೆನ್ನಾಗಿದ್ದೇವೆ.

ನಿನ್ನೆ ಫೋನಿನಲ್ಲಿ ನಾನು ತೋಳು ತೋರಿಸಿದಾಗ ಮುಖ ಹಿಂಡಿಕೊಂಡು, "ಇಷ್ಟುದ್ದ ಗೆರೆ ಉಳಿಯುತ್ತೆ ಅಂತ ಮೊದ್ಲೇ ಹೇಳ್ಬಾರ್ದಿತ್ತಾ?" ಅಂದಿರಿ. ಹೇಳಿದ್ದೆ. ಆಪರೇಷನ್ನಿಗೆ ಮುಂಚೆ ಡಾಕ್ಟರು ಬಿಡಿಸಿ ಹೇಳಿದ್ದನ್ನೆಲ್ಲ ಅಂದೇ ನಿಮಗೆ ಒಪ್ಪಿಸಿದ್ದೆ. ಜೋತುಬಿದ್ದ ಚರ್ಮ ಹೋಗುತ್ತದೆ, ಅದರ ಬದಲು ಕಂಕುಳಿಂದ ಮೊಣಕೈವರೆಗೆ ಗೆರೆ ಬರುತ್ತದೆ, ಅದು ಮಾಸುತ್ತದೆಯೇ ಹೊರತು ಅಳಿಯುವುದಿಲ್ಲ ಎಂದು. ನೀವು "ಆಗ್ಲಿ, ಮಾಡಿಸ್ಕೊ" ಎಂದು ಆಕಳಿಸಿದಿರಿ. ನಾನು ದಪ್ಪಗಿದ್ದಾಗ ನನ್ನ ಪಕ್ಕ ನಡೆಯಲು ನಾಚಿದವರು ನೀವು. ಉಸಿರು ಕಟ್ಟಿ ಓಡಿ ಮೈ ಇಳಿಸಿದರೆ, ನಿಮ್ಮ ಬಡ್ತಿಯ ಔತಣದಲ್ಲಿ ಎಲ್ಲರೆದುರು ನನ್ನ ತೋಳು ಹಿಡಿದು ಅಲ್ಲಾಡಿಸಿ, "ನೋಡ್ರಪ್ಪಾ, ಹಗ್ಗಕ್ಕೆ ಹಾಕಿದ ಒದ್ದೆ ಬಟ್ಟೆ!" ಎಂದಿರಿ. ಎಲ್ಲರೂ ನಕ್ಕರು. ನಾಚಿಕೆಗೆಟ್ಟು ನಾನೂ ನಕ್ಕೆ.

ಆಪರೇಷನ್ ಮುಗಿದು ಎಚ್ಚರವಾದಾಗ ಎರಡೂ ತೋಳು ಊದಿ ಬಿಗಿಪಟ್ಟಿಯೊಳಗೆ ಸಿಡಿಯುತ್ತಿದ್ದವು. ಸಣ್ಣ ಕೊಳವೆಯಲ್ಲಿ ರಕ್ತನೀರು ತೊಟ್ಟಿಕ್ಕುತ್ತಿತ್ತು. ದಿಂಬಿನ ಮೇಲೆ ತೋಳಿಟ್ಟು ಅಂಗಾತ ಮಲಗಬೇಕು, ಭುಜಕ್ಕಿಂತ ಮೇಲೆ ಕೈ ಎತ್ತಬಾರದು, ಬಕೆಟ್ ಮುಟ್ಟಬಾರದು. ದಿನವಿಡೀ ಪಾರ್ಲರಿನಲ್ಲಿ ಕಂಡವರ ತಲೆ ಬಾಚಿ ಬದುಕುವವಳಿಗೆ ತನ್ನ ಜಡೆ ತಾನು ಹಾಕಿಕೊಳ್ಳಲಾಗಲಿಲ್ಲ. ಮೊಣಕೈ ಹತ್ತಿರ ಈಗಲೂ ಜೋಮು, ಚಿವುಟಿದರೂ ತಿಳಿಯುವುದಿಲ್ಲ.

ನಿಮ್ಮ ಅಮ್ಮನೂ ನಾನೂ ಎಣ್ಣೆ ಸೀಗೆಕಾಯಿ ಎಂದು ಹಾಸ್ಯ ಮಾಡುತ್ತಿದ್ದಿರಲ್ಲ, ಅವರೇ ನನ್ನ ತಲೆ ತೊಳೆದರು, ರವಿಕೆಯ ಗುಂಡಿ ಹಾಕಿದರು, ತುತ್ತು ಮಾಡಿ ಬಾಯಿಗಿಟ್ಟರು. ಪಟ್ಟಿ ಬದಲಿಸಿದ ದಿನ ಹೊಲಿಗೆ ನೋಡಿ, "ಅವನಿಗೋಸ್ಕರ ಕೊಯ್ಸಿಕೊಂಡ್ಯೇನೇ?" ಎಂದರು. "ಇಲ್ಲ ಅತ್ತೆ, ನನಗೇ ಬೇಕಿತ್ತು" ಎಂದೆ. ಅವರು ನಂಬಲಿಲ್ಲ. ಬಾಚಣಿಗೆ ಕೈಗೆತ್ತಿಕೊಂಡು, "ಅವರಪ್ಪನೂ ಹೀಗೇ ಕಣೇ. ನನ್ನ ಹಲ್ಲು ಉಬ್ಬು, ಬಾಯಿ ಮುಚ್ಕೊಂಡು ನಗು ಅಂದ್ರು. ಅವರು ಸಾಯೋವರೆಗೂ ನಾನು ಬಾಯಿಬಿಟ್ಟು ನಗ್ಲಿಲ್ಲ" ಎಂದರು. ನಿನ್ನೆ ನೀವು ಮಾತಾಡುವಾಗ ಅವರು ಬಾಗಿಲ ಹಿಂದೆಯೇ ಇದ್ದರು.

ಡಾಕ್ಟರ ಕೆಲಸದಲ್ಲಿ ಕುಂದಿಲ್ಲ. ತೋಳು ಸಪೂರವಾಗಿದೆ, ಗಾಯ ಒಣಗಿದೆ. ನಾನು ಕೇಳಿದ್ದನ್ನು ಅವರು ಕೊಟ್ಟರು. ನನಗೆ ಬೇಕಿದ್ದದ್ದು ಅವರ ಹತ್ತಿರ ಇರಲಿಲ್ಲ, ಅಷ್ಟೇ. ಹೊತ್ತಿಗೆ ಸರಿಯಾಗಿ ಉಣ್ಣಿ, ಮೈ ಕಡೆ ಜೋಪಾನ.

ಇಂತಿ,
ಇವತ್ತಿನ ಮಟ್ಟಿಗೆ ನಿಮ್ಮ ಮಡದಿ

ಮರೆತಿದ್ದೆ: ಸಾಮಾನಿನ ಗಾಡಿ ಬಾಗಿಲಿಗೆ ಬಂದಿದೆ, ಅವಸರದಲ್ಲಿ ಗೀಚುತ್ತಿದ್ದೇನೆ. ಪಾರ್ಲರಿನ ಮೇಲಿನ ಕೋಣೆಗಳಿಗೆ ಹೋಗುತ್ತಿದ್ದೇನೆ. ಈ ಮನೆಯ ಬೀಗದ ಕೈ ಎದುರುಮನೆಯ ದರ್ಜಿಯ ಹತ್ತಿರ ಇರುತ್ತದೆ. ಹೊರಡುವವಳು ನಾನೊಬ್ಬಳೇ ಅಂದುಕೊಂಡಿದ್ದೆ. ನಿಮ್ಮ ಅಮ್ಮ ನನಗಿಂತ ಮೊದಲೇ ಹೋಗಿ, ಮಡಿಲಲ್ಲಿ ಬಟ್ಟೆಯ ಗಂಟಿಟ್ಟುಕೊಂಡು ಡ್ರೈವರ್ ಪಕ್ಕದಲ್ಲಿ ಕೂತಿದ್ದಾರೆ.