ಉಪ್ಪುಜೊಂಡಿನ ಗುರುತು

ಅಘನಾಶಿನಿ ಅಳಿವೆ
ಕ್ರಿ.ಶ. ೨೪೧೯, ಫೆಬ್ರವರಿ ಮೂವತ್ತು

ಸಕಲ ಪ್ಲಾಸ್ಟಿಕ್ ಸಾಮ್ರಾಜ್ಯಾಧೀಶ್ವರರೂ, ತಂಪುಕೋಣೆಗಳ ಚಕ್ರವರ್ತಿಗಳೂ, ನಮ್ಮ ಮುತ್ತಜ್ಜನ ಮುತ್ತಜ್ಜನಿಗೂ ಮುತ್ತಜ್ಜಂದಿರೂ ಆದ ತಮ್ಮ ದಿವ್ಯಪಾದಗಳಿಗೆ ಹತ್ತೊಂಬತ್ತು ವರ್ಷದ ಹೊನ್ನಪ್ಪ ಅಂಬಿಗ ಮಾಡುವ ಅಡ್ಡ ನಮಸ್ಕಾರಗಳು. ಉದ್ದ ಬೀಳಲು ಇಲ್ಲಿ ಒಣ ನೆಲವಿಲ್ಲ. ಫೆಬ್ರವರಿಗೆ ಮೂವತ್ತು ದಿನ ಯಾಕೆ ಬಂತೆಂದು ಕೇಳಬೇಡಿ, ನಮಗೂ ಯಾರೂ ಹೇಳಿಲ್ಲ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ.

ನಾವು ಕಾಲ್ಮನೆಗಳಲ್ಲಿದ್ದೇವೆ, ಅಂದರೆ ನೀರಿನಲ್ಲಿ ಕಂಬ ನೆಟ್ಟು ಕಟ್ಟಿದ ಮನೆಗಳು. ಕುಡಿಯಲು ದಿನಕ್ಕೆ ತಲೆಗೆ ಮೂರು ಚೊಂಬು ಸಿಹಿನೀರು. ಸಮುದ್ರ ಉಕ್ಕುವ ನಾಲ್ಕು ತಿಂಗಳಿಗೆ ಏರುಗಾಲವೆನ್ನುತ್ತೇವೆ. ಹೋದ ವರ್ಷದವರೆಗೆ ನಮಗೊಂದು ಗಜನಿ ಗದ್ದೆಯೂ ಇತ್ತು, ಉಪ್ಪುನೀರಿನ ಅಂಚಿನಲ್ಲಿ ಕಗ್ಗ ಭತ್ತ ಬೆಳೆಯುವ ಗದ್ದೆ. ಅದನ್ನು ಕಾಯುತ್ತಿದ್ದುದು ಮಣ್ಣಿನ ಒಡ್ಡು. ಒಡ್ಡನ್ನು ಹಿಡಿದಿಟ್ಟಿದ್ದು ಉಪ್ಪುಜೊಂಡಿನ ಬೇರು.

ಈ ಜೊಂಡಿಗೊಂದು ಕಳ್ಳ ತಮ್ಮನಿದ್ದಾನೆ. ಅದೇ ಎತ್ತರ, ಅದೇ ಹಸಿರು, ಆದರೆ ಉಪ್ಪು ಹೆಚ್ಚಾದರೆ ಬೇರು ಕೊಳೆಯುತ್ತದೆ. ಗುರುತು ಕಡ್ಡಿಯಲ್ಲಿದೆ. ಎರಡು ಬೆರಳ ನಡುವೆ ಹೊರಳಿಸಿದರೆ ಅಸಲಿ ದುಂಡಗೆ ಉರುಳುತ್ತದೆ, ಕಳ್ಳನದು ಮೂರು ಏಣು, ತಡೆತಡೆದು ತಿರುಗುತ್ತದೆ. ಏರುಗಾಲ ಮುಗಿದಾಗ ಯಾವ ತಟದಲ್ಲಿ ಯಾವುದು ಚಿಗುರಿದೆಯೆಂದು ಹೊಸದಾಗಿ ನೋಡಬೇಕು. ನೋಡುವವಳು ಕಣ್ಣು ಕಾಣದ ಶಿವಿಯಜ್ಜಿ. ತಟಕ್ಕೊಂದು ಕಡ್ಡಿ ಅವಳ ಕೈಗಿಡುವುದು, ಅವಳು ಹೂಂ ಅಂದ ತಟದಿಂದ ಇಡೀ ಊರು ಬುಡ ಕಿತ್ತು ಒಡ್ಡಿಗೆ ನೆಡುವುದು. ಅವಳು ಮುಟ್ಟಿದ್ದನ್ನು ಇನ್ನೊಬ್ಬರು ಹೊರಳಿಸಿ ನೋಡಿದರೆ ಅವಳಿಗೆ ಅವಮಾನ. ಹಾಗಾಗಿ ಯಾರೂ ನೋಡುವುದಿಲ್ಲ.

ಹೋದ ವರ್ಷ ಕಡ್ಡಿ ತಂದುಕೊಡುವ ಸರದಿ ನನ್ನದು. "ಕೊಡು ಮಾರಾಯ, ನೀ ತಂದದ್ದು ಹುಲ್ಲೋ ಹಾವೋ?" ಎಂದಳು. ಹೊರಳಿಸಿದಳು. ತುಸು ತಡೆದಳು, ಮತ್ತೆ ಹೊರಳಿಸಿದಳು. ಹೂಂ ಅಂದಳು.

ನೆಟ್ಟದ್ದು ಕಳ್ಳನನ್ನು. ಏರುಗಾಲದ ಎರಡನೇ ತಿಂಗಳಿಗೆ ಒಡ್ಡು ಕುಸಿಯಿತು. ಗದ್ದೆ ಹೋಯಿತು, ಅಸಲಿ ಜೊಂಡು ಉಳಿದಿದ್ದ ತಟವೂ ಅದರ ಜೊತೆಗೇ ಹೋಯಿತು. ಒಡ್ಡಿನ ಯಜಮಾನ ಮಂಕಾಳಿ, ಮುದುಕಿಗೆ ಹುಲ್ಲೂ ಒಂದೇ ಹುರಿಯೂ ಒಂದೇ ಎಂದು ಎಲ್ಲರೆದುರು ನಕ್ಕ. ಅವಳು ತಿರುಗಿ ಬಯ್ಯಲಿಲ್ಲ, ಬಯ್ಗುಳದಲ್ಲಿ ಅವಳನ್ನು ಮೀರಿಸುವವರು ಈ ಅಳಿವೆಯಲ್ಲೇ ಇರಲಿಲ್ಲ. ನನ್ನನ್ನು ಹತ್ತಿರ ಕರೆದು, "ನನ್ ಬೆರಳು ಸತ್ತೋದೋ ತಮಾ. ಇನ್ನು ನನ್ ಕೈಗೆ ಯಂತದೂ ಕೊಡ್ಬೇಡಿ" ಎಂದಳು. ಅಂದಿನಿಂದ ಬಲೆಯ ಗಂಟನ್ನೂ ಮುಟ್ಟುವುದಿಲ್ಲ. ಅನ್ನವನ್ನು ಮೊಮ್ಮಗಳು ಕಲಸಿಕೊಡುತ್ತಾಳೆ.

ಆದ್ದರಿಂದ, ಮಹಾಪ್ರಭುಗಳೇ, ತಮ್ಮ ಕಾಲದ ಅಳಿವೆಯಂಚಿನಲ್ಲಿ ಅಸಲಿ ಉಪ್ಪುಜೊಂಡು ಕಸದಂತೆ ಬೆಳೆದಿದೆಯಂತೆ. ತಾವು ಆ ಅಂಚಿಗೆ ಮಣ್ಣು ತುಂಬಿ ಮುಚ್ಚುವ ಮೊದಲು ಒಂದು ಕಡ್ಡಿ ಮುರಿದು ಹೊರಳಿಸಿ ನೋಡಿ. ದುಂಡಗೆ ಉರುಳಿದರೆ ಆ ಒಂದು ಬುಡವನ್ನು ನಮಗೆಂದು ಬಿಟ್ಟುಬಿಡಿ.

ಇನ್ನೊಂದು ಸಣ್ಣ ಮಾತು. ಹೋದ ವರ್ಷ ಅಜ್ಜಿಯ ಕೈಗಿಟ್ಟ ಕಡ್ಡಿಯ ಮೂರು ಏಣನ್ನು ಬಳಚಿನ ಚಿಪ್ಪಿನಿಂದ ಹೆರೆದು ದುಂಡಗೆ ಮಾಡಿ ಕೊಟ್ಟವನು ನಾನು. ಅವಳು ಮೋಸ ಹಿಡಿದು ಬೈದ ಕೂಡಲೇ ನಕ್ಕು ನಿಜ ಹೇಳೋಣವೆಂದಿದ್ದೆ. ಅವಳು ಬೈಯದೆ ಹೂಂ ಅಂದುಬಿಟ್ಟಳು, ಜನ ಆಗಲೇ ಬುಟ್ಟಿ ಎತ್ತಿದ್ದರು. ನಾನೂರು ವರ್ಷದಾಚೆಯ ನಿಮಗೆ ಬರೆದಿದ್ದೇನೆ. ಹತ್ತು ಮಾರು ದೂರದಲ್ಲಿ ಕೈ ಮಡಚಿ ಕೂತಿರುವ ಅವಳಿಗೆ ಇನ್ನೂ ಹೇಳಿಲ್ಲ.