ಗೌರಿ ಹಬ್ಬದ ದಿನ ತೆರೆದ ಅಂಗಡಿ

ಮುಳಬಾಗಿಲು,
೨೩ನೇ ಆಗಸ್ಟ್ ೧೯೪೪

ಚಿರಂಜೀವಿ ವೆಂಕಟರಮಣನಿಗೆ ನಿನ್ನ ತಾಯಿ ಮಾಡುವ ಆಶೀರ್ವಾದಗಳು.

ನಿನ್ನ ಕೆಮ್ಮು ಹೇಗಿದೆಯಪ್ಪ? ಬೆಂಗಳೂರಿನ ಥಂಡಿಯಲ್ಲಿ ತಲೆಗೆ ಬಟ್ಟೆ ಕಟ್ಟದೆ ತಿರುಗಬೇಡ. ಮೆಣಸಿನ ಕಷಾಯ ಮಾಡಿಕೊಡಲು ಸೊಸೆಗೆ ಹೇಳು. ಮಗುವಿಗೆ ಹಲ್ಲು ಬಂತೇ? ಇಲ್ಲಿ ನನ್ನ ಮಂಡಿನೋವು ಬಿಟ್ಟರೆ ಎಲ್ಲರೂ ಕ್ಷೇಮ. ಕ್ಷೇಮ ಎಂದು ಬರೆಯುವುದಕ್ಕೂ ಈಗ ಮನಸ್ಸಿಲ್ಲ.

ಚಿಕ್ಕಪೇಟೆಯಲ್ಲಿ ಯಾರೂ ಹಬ್ಬವೆಂದು ಬಾಗಿಲು ಹಾಕುವುದಿಲ್ಲ, ಗೌರಿ ಹಬ್ಬದ ದಿನ ನಮ್ಮ ಜವಳಿ ಅಂಗಡಿಯೂ ತೆರೆದಿರಲಿ ಎಂದು ನೀನು ತಮ್ಮನಿಗೆ ಬರೆದೆಯಲ್ಲ, ಸೊಣ್ಣಪ್ಪ ಹಾಗೆಯೇ ಮಾಡಿದ. ಯುದ್ಧದ ಕಾಲ, ಬಟ್ಟೆ ಸಿಗುವುದೇ ಕಷ್ಟ, ನಾವು ಮುಚ್ಚಿದರೆ ಎದುರು ಅಂಗಡಿಯವನು ಮಾರುತ್ತಾನೆ ಎಂದು ನನಗೂ ಬುದ್ಧಿ ಹೇಳಿದ. ಹೇಳಿದವನು ಒಳಗೆ ಮಣೆಯ ಮೇಲೆ ಕೂತು ಹೋಳಿಗೆಗೆ ತುಪ್ಪ ಬಡಿಸಿಕೊಳ್ಳುತ್ತಿದ್ದ. ಹೊರಗೆ ಗಜಕಡ್ಡಿ ಹಿಡಿದು ನಿಂತಿದ್ದವನು ನಮ್ಮ ಗಂಗುಲಪ್ಪ. ನೀನು ಚಿಕ್ಕವನಿದ್ದಾಗ ಹೆಗಲ ಮೇಲೆ ಕೂರಿಸಿಕೊಂಡು ಸ್ಕೂಲಿಗೆ ಬಿಟ್ಟು ಬರುತ್ತಿದ್ದನಲ್ಲ, ಅವನೇ.

ಅವನ ಮಗಳು ಚಿಕ್ಕಗಂಗಮ್ಮನನ್ನು ಈ ವರ್ಷ ಆವನಿ ಊರಿಗೆ ಕೊಟ್ಟಿದ್ದಾರೆ. ಮದುವೆಯಾದ ಮೇಲೆ ಇದು ಮೊದಲ ಗೌರಿ. ತೌರಿನ ಬಾಗಿನ ಹೋಗಲೇಬೇಕು. ಹೆಂಡತಿ ಹಾಸಿಗೆ ಹಿಡಿದಿದ್ದಾಳೆ, ಗಂಡುಮಕ್ಕಳಿಲ್ಲ, ಅವನೇ ಒಯ್ಯಬೇಕು. ಮುಂಚೆಯೇ ರಜಾ ಕೇಳಿದ್ದ. ನಿನ್ನ ತಮ್ಮ, "ಬಾಗಿನ ನಾಳೆ ಕೊಟ್ರೂ ಬಾಗಿನಾನೇ. ಗಿರಾಕಿ ನಾಳೆ ಬರ್ತಾನಾ?" ಎಂದುಬಿಟ್ಟ.

ಮಧ್ಯಾಹ್ನ ಅಂಗಡಿ ತುಂಬ ಹೆಂಗಸರು. ನಾನು ನಡುಬಾಗಿಲಲ್ಲಿ ನಿಂತಿದ್ದೆ. ಚಿಕ್ಕಗಂಗಮ್ಮ ಯಾರದೋ ಗಾಡಿ ಹತ್ತಿ ಬಂದು, ಮೈಯೆಲ್ಲ ಧೂಳಾಗಿ, ಮೆಟ್ಟಿಲ ಮೇಲೆ ನಿಂತಳು. "ನಾಯ್ನಾ, ಹುಷಾರಾಗಿದ್ದೀಯಾ? ನೀನು ಬರ್ಲಿಲ್ಲ, ನಿಂಗೇನೋ ಆಗೋಯ್ತು ಅಂದ್ಕೊಂಡೆ" ಎಂದು ಅಪ್ಪನಿಗೆ ಹೇಳಿದಳು. ಗಂಗುಲಪ್ಪ ಆಗ ಯಾರ ಮನೆಯದೋ ಬಾಗಿನಕ್ಕೆ ರವಿಕೆ ಕಣ ಅಳೆಯುತ್ತಿದ್ದ. ಎಲೆಯಡಿಕೆ ಜಗಿಯುತ್ತ ಹೊರಗೆ ಬಂದ ಸೊಣ್ಣಪ್ಪ, "ಲೇ ಗಂಗುಲಪ್ಪ, ಮನೆ ಮಾತೆಲ್ಲ ಆಮೇಲೆ. ಗಿರಾಕಿ ನಿಂತವ್ರೆ" ಎಂದ.

ನನ್ನ ಹೊಟ್ಟೆಯಲ್ಲಿ ಹುಟ್ಟಿದವನ ಮಾತು ಕೇಳಿ ನನಗೆ ತಡೆಯಲಾಗಲಿಲ್ಲ. ಎಂದೂ ಅಂಗಡಿಗೆ ಕಾಲಿಡದವಳು ಗಿರಾಕಿಗಳ ನಡುವೆ ಹೋಗಿ, "ಏಳಿ ತಾಯಂದ್ರಾ, ಇವತ್ತು ಅಂಗಡಿ ಇಲ್ಲ" ಎಂದೆ. ಎಲ್ಲರೂ ಆರಿಸಿದ್ದ ಸೀರೆಗಳನ್ನು ಮಡಿಸಿಟ್ಟು ಇಳಿದುಹೋದರು. ಸೊಣ್ಣಪ್ಪನ ಹೆಂಡತಿಗೆ ಹೇಳಿ ಆ ಹುಡುಗಿಗೊಂದು ಬಾಗಿನ ತರಿಸಿದೆ. ಅವಳು ಕೈ ಚಾಚಲಿಲ್ಲ. "ನಿಮ್ಮನೆ ಬಾಗಿನ ಬ್ಯಾಡಮ್ಮ. ನಮ್ಮಪ್ಪನ್ನ ಕಳ್ಸಿ, ಸಾಕು" ಎಂದಳು. ಮಗನೇ, ನನ್ನ ಜನ್ಮದಲ್ಲಿ ಅಷ್ಟು ನಾಚಿಕೆ ನಾನು ಪಟ್ಟಿರಲಿಲ್ಲ.

ಗಂಗುಲಪ್ಪ ತನ್ನ ಮನೆಯಲ್ಲಿ ಸಿದ್ಧವಿದ್ದ ಬಾಗಿನದ ಮೊರ ಹೊತ್ತು ಮಗಳ ಜೊತೆ ನಡೆದ. ಅಲ್ಲಿಂದ ಬಂದವರು ಹೇಳಿದರು, ಇವರು ಆವನಿ ಸೇರುವಾಗ ದೀಪ ಹಚ್ಚಿದ್ದರಂತೆ. ಹೊತ್ತು ಮೀರಿ ಬಂದ ಬಾಗಿನವೆಂದು ಅವಳ ಅತ್ತೆ ಅದನ್ನು ಒಳಗೆ ತರಗೊಡದೆ ಜಗುಲಿಯ ಮೇಲೇ ಇಡಿಸಿದಳಂತೆ.

ನಿಮ್ಮಪ್ಪ ಇದ್ದಾಗಲೂ ಹಬ್ಬದ ದಿನ ಬಟ್ಟೆ ಕೊಟ್ಟದ್ದುಂಟು. ಸಾವಾದ ಮನೆಯವರು ಬಂದರೆ ತಾವೇ ಎದ್ದು, ಹಿತ್ತಲ ಬಾಗಿಲು ತೆಗೆದು, ಹರಿದು ಕೊಡುತ್ತಿದ್ದರು. ಆಳನ್ನು ಎಬ್ಬಿಸುತ್ತಿರಲಿಲ್ಲ. ನೀವು ಮಾಡಿದ್ದು ಅದಲ್ಲ. ಇದನ್ನು ನೆನೆದರೆ ತಟ್ಟೆಯ ಅನ್ನ ಸೇರುತ್ತಿಲ್ಲ.

ಸೊಸೆಗೆ ಅರಿಶಿನ ಕುಂಕುಮ ಕಳಿಸಿದ್ದೇನೆ, ಮಗುವಿಗೆ ನನ್ನ ಮುದ್ದು. ಕೋಪವಿದ್ದರೂ ನಿನಗೆ ಒಳ್ಳೆಯದನ್ನೇ ಕೋರುವ,

ನಿನ್ನ ತಾಯಿ,
ಅಶ್ವತ್ಥಮ್ಮ

ಮತ್ತೆ: ಗಂಗುಲಪ್ಪ ಈಗಷ್ಟೇ ಬಂದ. ಬೈಯಲಿಲ್ಲ, ಕೆಲಸ ಬಿಡುತ್ತೇನೆ ಎನ್ನಲಿಲ್ಲ. "ದೀಪಾವಳಿಗೂ ಅಂಗಡಿ ತೆಗೀತೀರಾ ಅಮ್ಮ?" ಎಂದು ಕೇಳಿದ. ಇಲ್ಲವೆಂದು ನಿನ್ನ ಹೆಸರಿನಲ್ಲಿ ಮಾತು ಕೊಟ್ಟಿದ್ದೇನೆ. ಅದನ್ನು ಮುರಿಯುವುದಾದರೆ ತಮ್ಮನಿಗೆ ಕಾಗದ ಬರೆಯಬೇಡ. ಊರಿಗೆ ಬಂದು, ಗಂಗುಲಪ್ಪನ ಮುಖ ನೋಡಿ ನೀನೇ ಹೇಳು.